ಓಆರ್‌ಎಂನಲ್ಲಿ ನಮ್ಮದೇ ಅನುಕ್ರಮ: ಕೇಸ್, ಎನಮ್, ಕ್ರಮಾಂಕದ ಕಾಲಂ – ಯಾವುದನ್ನು ಯಾವಾಗ ಆರಿಸಬೇಕು?

ದೂರುಗಳನ್ನು ಸಂಗ್ರಹಿಸುವ ಟೇಬಲ್ ಒಂದಿದೆ ಎಂದುಕೊಳ್ಳಿ. ಅದರ ಆದ್ಯತೆಯ ಕಾಲಂನಲ್ಲಿ ನಾಲ್ಕು ಇಂಗ್ಲಿಷ್ ಪದಗಳು ಬರುತ್ತವೆ: ಕ್ರಿಟಿಕಲ್, ಹೈ, ಮೀಡಿಯಂ, ಲೋ. ಆ ಕಾಲಂ ಮೇಲೆ ನೇರವಾಗಿ ಆರ್ಡರ್ ಬೈ (ಸಾಲುಗಳನ್ನು ಜೋಡಿಸುವ ಆದೇಶ) ಹಾಕಿದರೆ ರೋಮನ್ ಅಕ್ಷರಕ್ರಮಕ್ಕೆ ತಕ್ಕಂತೆ ಕ್ರಿಟಿಕಲ್, ಹೈ, ಲೋ, ಮೀಡಿಯಂ ಎಂದು ಸಾಲುಗಳು ಬರುತ್ತವೆ. ಮೊದಲ ಎರಡು ಗುಂಪುಗಳು ಸರಿಯಾದ ಜಾಗದಲ್ಲೇ ಇವೆ. ಪರದೆಯ ಮೇಲಿನ ಅರ್ಧವನ್ನಷ್ಟೇ ನೋಡಿದವರಿಗೆ ಏನೂ ತಪ್ಪು ಕಾಣುವುದಿಲ್ಲ, ಕೆಳಗೆ ಲೋ ದೂರುಗಳು ಮೀಡಿಯಂ ದೂರುಗಳನ್ನು ಹಿಂದಕ್ಕೆ ತಳ್ಳಿರುತ್ತವೆ. ಪೂರ್ತಿ ತಪ್ಪಾದ ಅನುಕ್ರಮವನ್ನು ಯಾರಾದರೂ ಅದೇ ದಿನ ಹಿಡಿಯುತ್ತಾರೆ. ಮುಕ್ಕಾಲು ಸರಿಯಿರುವ ಅನುಕ್ರಮ ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತದೆ.

ಡೇಟಾಬೇಸಿಗೆ ಅಕ್ಷರಕ್ರಮ ಗೊತ್ತು, ಅಂಕಿಗಳ ಕ್ರಮ ಗೊತ್ತು, ದಿನಾಂಕಗಳ ಕ್ರಮ ಗೊತ್ತು. ನಮ್ಮ ಮನಸ್ಸಿನಲ್ಲಿರುವ ಕ್ರಮವನ್ನು ನಾವೇ ಹೇಳಿಕೊಡಬೇಕು. ಹೇಳಿಕೊಡುವ ದಾರಿಗಳು ಹಲವು: ಸಾಲುಗಳನ್ನು ತಂದ ಮೇಲೆ ಪ್ರೋಗ್ರಾಮಿನಲ್ಲಿ ಜೋಡಿಸಬಹುದು, ಡೇಟಾಬೇಸಿಗೆ ಕಳಿಸುವ ಕ್ವೆರಿಯಲ್ಲಿ ಕೇಸ್ ಎಂಬ ಷರತ್ತಿನ ವಾಕ್ಯ ಬರೆಯಬಹುದು, ಎನಮ್ (ನಿಗದಿತ ಮೌಲ್ಯಗಳ ಪಟ್ಟಿ) ಬಳಸಬಹುದು, ಕ್ರಮಾಂಕಕ್ಕೆಂದೇ ಒಂದು ಕಾಲಂ ಇಡಬಹುದು. ಜಾಂಗೋ, ರೈಲ್ಸ್, ಎಸ್‌ಕ್ಯೂಎಲ್‌ಆಲ್ಕೆಮಿ, ಹೈಬರ್ನೇಟ್, ಎಂಟಿಟಿ ಫ್ರೇಮ್‌ವರ್ಕ್ ಕೋರ್ ಇವುಗಳ ಓಆರ್‌ಎಂಗಳೆಲ್ಲವೂ (ಕೋಡ್‌ನ ಆಬ್ಜೆಕ್ಟ್‌ಗಳಿಗೂ ಡೇಟಾಬೇಸಿನ ಟೇಬಲ್‌ಗಳಿಗೂ ಸೇತುವೆಯಾಗುವ ಲೈಬ್ರರಿಗಳು) ಈ ದಾರಿಗಳಿಗೆ ಹೆಚ್ಚುಕಡಿಮೆ ಅವಕಾಶ ಕೊಡುತ್ತವೆ. ಯಾವ ಓಆರ್‌ಎಂನಲ್ಲಿ ಯಾವುದು ಚುಟುಕಾಗಿ ಬರೆಯಲು ಸಿಗುತ್ತದೆ ಎಂದು ನೋಡಿ ಆರಿಸುವವರೇ ಹೆಚ್ಚು. ಅದು ಆಯ್ಕೆಯ ಕೊನೆಯ ಮಾನದಂಡವಾಗಬೇಕು, ಮೊದಲನೆಯದಲ್ಲ.

ಮೊದಲು ಕೇಳಬೇಕಾದದ್ದು: ಈ ಅನುಕ್ರಮ ಯಾರದು?

ಅನುಕ್ರಮವನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ಆದ್ಯತೆಯ ನಾಲ್ಕು ಹಂತಗಳ ಮೇಲೆ ಪ್ರೋಗ್ರಾಮಿನ ಉಳಿದ ತರ್ಕವೂ ನಿಂತಿದ್ದರೆ, ಅಂದರೆ ಕ್ರಿಟಿಕಲ್ ಆದರೆ ಸಂದೇಶ ಕಳಿಸು, ಲೋ ಆದರೆ ಬಿಡು ಎಂಬಂಥ ಸಾಲುಗಳು ಕೋಡ್‌ನಲ್ಲಿದ್ದರೆ, ಅನುಕ್ರಮವೂ ಕೋಡ್‌ಗೆ ಸೇರಿದ್ದು. ಹಂತಗಳನ್ನು ಆಡಳಿತದ ಪುಟದಿಂದ ಸೇರಿಸುವವರು, ಹೆಸರು ಬದಲಿಸುವವರು ಇದ್ದರೆ ಅದು ದತ್ತಾಂಶಕ್ಕೆ ಸೇರಿದ್ದು. ಪ್ರತಿಯೊಬ್ಬ ಬಳಕೆದಾರ ತನ್ನ ಕೆಲಸಗಳ ಪಟ್ಟಿಯನ್ನು ತನಗೆ ಬೇಕಾದಂತೆ ಮೇಲೆ ಕೆಳಗೆ ಎಳೆಯುವುದಾದರೆ ಅದು ಬಳಕೆದಾರನದು. ಇನ್ನು ಹುಡುಕಾಟದ ಎಂಜಿನ್ ಕೊಟ್ಟ ಐಡಿಗಳ ಸರಣಿಯಂಥದ್ದು ಆ ಒಂದು ಕೋರಿಕೆಗೆ ಮಾತ್ರ ಸೇರಿದ್ದು, ಮರುಕ್ಷಣ ಅದಕ್ಕೆ ಬೆಲೆಯಿಲ್ಲ.

ನಾಲ್ಕಕ್ಕೂ ಒಂದೇ ಔಷಧಿ ಕೊಡಲು ಹೋದಾಗಲೇ ತೊಡಕು ಹುಟ್ಟುತ್ತದೆ. ಕೋಡ್‌ನದಾಗಿದ್ದರೆ ಕೇಸ್, ದತ್ತಾಂಶದ್ದಾಗಿದ್ದರೆ ಕ್ರಮಾಂಕದ ಕಾಲಂ ಇರುವ ಪ್ರತ್ಯೇಕ ಟೇಬಲ್, ಬಳಕೆದಾರನದಾಗಿದ್ದರೆ ಸ್ಥಾನದ ಕಾಲಂ, ಕೋರಿಕೆಯದಾಗಿದ್ದರೆ ಪ್ರೋಗ್ರಾಮಿನ ಮೆಮೊರಿ. ಇದು ನನ್ನ ನಿಲುವು. ಎನಮ್‌ಗೆ ಈ ಸಾಲಿನಲ್ಲಿ ಜಾಗ ಕೊಡದಿರುವುದು ಬೇಕೆಂದೇ, ಕಾರಣ ಮುಂದೆ ಬರುತ್ತದೆ.

ತಂದ ಮೇಲೆ ಜೋಡಿಸುವುದು

ಪೈಥಾನ್, ರೂಬಿ, ಜಾವಾ ಯಾವುದರಲ್ಲೇ ಆಗಲಿ, ತಂದ ಪಟ್ಟಿಯನ್ನು ಒಂದು ಡಿಕ್ಷನರಿಯ ಆಧಾರದ ಮೇಲೆ ಜೋಡಿಸುವುದು ಒಂದೇ ಸಾಲಿನ ಕೆಲಸ. ಪೂರ್ತಿ ಪಟ್ಟಿ ಹೇಗೂ ಮೆಮೊರಿಗೆ ಬರುತ್ತದೆ, ಅದರಲ್ಲಿ ಕೆಲವು ನೂರು ಸಾಲುಗಳಷ್ಟೇ ಇವೆ ಎಂದಾದರೆ ಇದರಲ್ಲಿ ತಪ್ಪೇನೂ ಇಲ್ಲ. ಡೇಟಾಬೇಸ್ ಬದಲಾದರೂ ಫಲಿತಾಂಶ ಬದಲಾಗುವುದಿಲ್ಲ, ಪರೀಕ್ಷೆ ಬರೆಯುವುದೂ ಸುಲಭ.

ಲಿಮಿಟ್ ಕಾಲಿಟ್ಟ ಕೂಡಲೇ ಈ ದಾರಿ ಮುಚ್ಚುತ್ತದೆ. ಪುಟಕ್ಕೆ ಇಪ್ಪತ್ತೈದು ಸಾಲು ಎಂದಾಗ ಯಾವ ಇಪ್ಪತ್ತೈದು ಎಂಬುದನ್ನು ಡೇಟಾಬೇಸ್ ಮೊದಲೇ ತೀರ್ಮಾನಿಸಿರುತ್ತದೆ, ನಾವು ಜೋಡಿಸುವುದು ಆ ಇಪ್ಪತ್ತೈದನ್ನು ಮಾತ್ರ. ಆರನೇ ಪುಟದಲ್ಲಿ ಹುದುಗಿರುವ ಕ್ರಿಟಿಕಲ್ ದೂರು ಮೊದಲ ಪುಟಕ್ಕೆ ಬರುವುದೇ ಇಲ್ಲ, ಆದರೆ ಪ್ರತಿ ಪುಟವೂ ತನ್ನೊಳಗೆ ಅಚ್ಚುಕಟ್ಟಾಗಿ ಜೋಡಣೆಗೊಂಡಂತೆ ಕಾಣುತ್ತದೆ. ಪೇಜಿನೇಶನ್ ಇರುವ ಅಥವಾ ಮುಂದೆ ಬರಬಹುದಾದ ಪಟ್ಟಿಗೆ ಮೆಮೊರಿಯ ಜೋಡಣೆಯನ್ನು ಬಳಸಲೇಬಾರದು.

ಇಲ್ಲಿ ಎಂಟಿಟಿ ಫ್ರೇಮ್‌ವರ್ಕ್ ಕೋರ್ ಮಾಡಿದ ಒಂದು ಬದಲಾವಣೆಯನ್ನು ಮೆಚ್ಚಲೇಬೇಕು. ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ಗೆ ಅನುವಾದವಾಗದ ಜೋಡಣೆಯ ಸೂತ್ರವನ್ನು ಕೊಟ್ಟರೆ ಹಳೆಯ ಆವೃತ್ತಿಗಳು ಸಾಲುಗಳನ್ನೆಲ್ಲ ತಂದು ಮೆಮೊರಿಯಲ್ಲಿ ಜೋಡಿಸುತ್ತಿದ್ದವು. 2019ರ 3.0 ಆವೃತ್ತಿಯಿಂದ ಅಂಥ ಕ್ವೆರಿ ದೋಷ ತೋರಿಸಿ ಅಲ್ಲೇ ನಿಲ್ಲುತ್ತದೆ. ಆಗ ಹಲವರ ಕೋಡ್ ಮುರಿಯಿತು ನಿಜ, ಆದರೆ ಸದ್ದಿಲ್ಲದೆ ಲಕ್ಷ ಸಾಲುಗಳನ್ನು ಹೊತ್ತು ತರುವುದಕ್ಕಿಂತ ಅದೇ ಮೇಲು.

ಕೇಸ್: ಹೆಚ್ಚಿನ ಸಂದರ್ಭಗಳ ಉತ್ತರ

ಕ್ರಿಟಿಕಲ್ ಆದರೆ 0, ಹೈ ಆದರೆ 1, ಮೀಡಿಯಂ ಆದರೆ 2, ಲೋ ಆದರೆ 3, ಬೇರೆ ಏನಾದರೂ ಆದರೆ 4. ಈ ಸಂಖ್ಯೆಯ ಮೇಲೆ ಜೋಡಿಸು ಎಂದು ಡೇಟಾಬೇಸಿಗೆ ಹೇಳುವುದೇ ಕೇಸ್ ವಾಕ್ಯ. ಎಸ್‌ಕ್ಯೂಎಲ್‌ನ 1992ರ ಮಾನದಂಡದಿಂದಲೂ ಇರುವ ಈ ರಚನೆಯನ್ನು ಪೋಸ್ಟ್‌ಗ್ರೆಎಸ್‌ಕ್ಯೂಎಲ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್, ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಎಲ್ಲವೂ ಅರ್ಥಮಾಡಿಕೊಳ್ಳುತ್ತವೆ. ಟೇಬಲ್‌ಗೆ ಕೈಹಾಕಬೇಕಿಲ್ಲ, ಮೈಗ್ರೇಶನ್ (ಟೇಬಲ್‌ನ ರಚನೆ ಬದಲಿಸುವ ಕ್ರಮ) ಬೇಕಿಲ್ಲ, ಅನುಕ್ರಮ ಬದಲಾದರೆ ಕೋಡ್‌ನ ಒಂದು ಸಾಲು ಬದಲಾಗುತ್ತದೆ.

ಜಾಂಗೋದಲ್ಲಿ 2015ರ 1.8 ಆವೃತ್ತಿಯಿಂದ ಕೇಸ್ ಮತ್ತು ವೆನ್ ಎಂಬ ಎಕ್ಸ್‌ಪ್ರೆಶನ್‌ಗಳಿವೆ, ಅವನ್ನು ನೇರವಾಗಿ ಆರ್ಡರ್ ಬೈ ಒಳಗೇ ಕೊಡಬಹುದು. ಎಸ್‌ಕ್ಯೂಎಲ್‌ಆಲ್ಕೆಮಿಯ ಕೇಸ್ ಫಂಕ್ಷನ್ ಇನ್ನೂ ಚುಟುಕು. ಹೋಲಿಸಬೇಕಾದ ಕಾಲಂ ಮತ್ತು ಒಂದು ಡಿಕ್ಷನರಿ ಕೊಟ್ಟರೆ ಉಳಿದದ್ದನ್ನು ಅದೇ ಕಟ್ಟಿಕೊಳ್ಳುತ್ತದೆ. ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನಲ್ಲಿ ಆರ್ಡರ್‌ಬೈ ಒಳಗೆ ಪ್ರಶ್ನಾರ್ಥಕ ಚಿಹ್ನೆಯ ಷರತ್ತುಗಳನ್ನು ಒಂದರ ಹಿಂದೆ ಒಂದು ಬರೆದರೆ ಅವು ಕೇಸ್ ಆಗಿ ಅನುವಾದವಾಗುತ್ತವೆ. ಹೈಬರ್ನೇಟ್‌ನ ಕ್ವೆರಿ ಭಾಷೆಯೂ ಆರ್ಡರ್ ಬೈ ಒಳಗೆ ಕೇಸ್ ಒಪ್ಪುತ್ತದೆ. ಲಾರಾವೆಲ್‌ನ ಎಲೋಕ್ವೆಂಟ್‌ನಲ್ಲಿ ಸಾಮಾನ್ಯವಾಗಿ ಆರ್ಡರ್‌ಬೈರಾ ಎಂಬ ಕಚ್ಚಾ ದಾರಿ ಹಿಡಿಯುತ್ತಾರೆ.

ರೈಲ್ಸ್‌ನಲ್ಲಿ 7.0 ಆವೃತ್ತಿಯಿಂದ ಇನ್ ಆರ್ಡರ್ ಆಫ್ ಎಂಬ ಮೆಥಡ್ ಇದೆ. ಕಾಲಂ ಹೆಸರು, ಬೇಕಾದ ಮೌಲ್ಯಗಳ ಪಟ್ಟಿ ಎರಡನ್ನೇ ಕೊಟ್ಟರೆ ಸಾಕು. ಓದಲು ಇಷ್ಟು ಸೊಗಸಾದ ರೂಪ ಬೇರೆ ಯಾವ ಓಆರ್‌ಎಂನಲ್ಲೂ ನಾನು ಕಂಡಿಲ್ಲ. ಆದರೆ ಪಟ್ಟಿಯಲ್ಲಿ ಇಲ್ಲದ ಮೌಲ್ಯದ ಸಾಲುಗಳನ್ನು ಅದು ಫಲಿತಾಂಶದಿಂದಲೇ ಹೊರಗಿಡುತ್ತದೆ. ಜೋಡಿಸು ಎಂದು ಕೇಳಿದವರಿಗೆ ಸೋಸಿದ್ದೂ ಸಿಗುತ್ತದೆ. ನಾಳೆ ಯಾರಾದರೂ ಐದನೆಯ ಹಂತ ಸೇರಿಸಿ ಈ ಪಟ್ಟಿಯನ್ನು ತಿದ್ದಲು ಮರೆತರೆ ಆ ದೂರುಗಳು ಪರದೆಯಿಂದ ಮಾಯವಾಗುತ್ತವೆ. ಸೋಸಬೇಡ ಎಂದು ಹೇಳುವ ಆಯ್ಕೆ ನಂತರದ ಆವೃತ್ತಿಗಳಲ್ಲಿ ಬಂದಿದೆ. ನಿಮ್ಮ ಆವೃತ್ತಿಯಲ್ಲಿ ಅದಿದ್ದರೆ ಬಳಸಿ.

ಕೇಸ್ ಬರೆಯುವವರು ಬಿಟ್ಟುಬಿಡುವ ಭಾಗ ಎಲ್ಸ್, ಅಂದರೆ ಬೇರೆ ಏನಾದರೂ ಆದರೆ ಎಂಬ ಕೊನೆಯ ಕವಲು. ಅದಿಲ್ಲದಿದ್ದರೆ ಪಟ್ಟಿಯಲ್ಲಿ ಸೇರದ ಮೌಲ್ಯಕ್ಕೆ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಸಿಗುತ್ತದೆ. ನಲ್ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಡೇಟಾಬೇಸ್‌ಗಳಿಗೆ ಒಮ್ಮತವಿಲ್ಲ. ಏರಿಕೆಯ ಕ್ರಮದಲ್ಲಿ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಮತ್ತು ಒರಾಕಲ್ ನಲ್ ಅನ್ನು ಕೊನೆಗೆ ಇಡುತ್ತವೆ, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್, ಎಸ್‌ಕ್ಯೂಲೈಟ್ ಮೊದಲಿಗೆ ಇಡುತ್ತವೆ. ಅಭಿವೃದ್ಧಿಯ ಯಂತ್ರದಲ್ಲಿ ಎಸ್‌ಕ್ಯೂಲೈಟ್, ಸರ್ವರ್‌ನಲ್ಲಿ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಇಟ್ಟುಕೊಂಡವರಿಗೆ ಒಂದೇ ಕೋಡ್ ಎರಡು ಅನುಕ್ರಮ ಕೊಡುತ್ತದೆ. ಹಾಗಾಗಿ ಎಲ್ಸ್ ಭಾಗಕ್ಕೆ ಯಾವಾಗಲೂ ಒಂದು ಸಂಖ್ಯೆ ಕೊಡಿ.

ನಲ್ ಇರಬಹುದಾದ ಬೇರೆ ಕಾಲಂಗಳಿಗೂ ಇದೇ ಎಚ್ಚರ ಬೇಕು. ಜಾಂಗೋದಲ್ಲಿ 1.11ರಿಂದ ನಲ್‌ಗಳನ್ನು ಮೊದಲಿಗೋ ಕೊನೆಗೋ ಇಡು ಎಂದು ಹೇಳಬಹುದು, ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲೂ ಅಂಥ ಫಂಕ್ಷನ್‌ಗಳಿವೆ. ಎಸ್‌ಕ್ಯೂಲೈಟ್ ನಲ್ಸ್ ಲಾಸ್ಟ್ ಎಂಬ ಮಾತನ್ನು 2019ರ 3.30 ಆವೃತ್ತಿಯಿಂದ ಒಪ್ಪುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದು ಇಂದಿಗೂ ಇಲ್ಲ. ಅಲ್ಲಿ ನಲ್ ಆಗಿದೆಯೇ ಎಂಬ ಪರೀಕ್ಷೆಯನ್ನೇ ಮೊದಲ ಜೋಡಣೆಯ ಸೂತ್ರವಾಗಿ ಇಡಬೇಕು.

ಎರಡನೆಯ ಎಚ್ಚರ ಸಮಬಲದ್ದು. ಸಾವಿರ ದೂರುಗಳಲ್ಲಿ ನಾಲ್ಕೇ ಬಗೆಯ ಸಂಖ್ಯೆಗಳಿದ್ದರೆ ಪ್ರತಿ ಸಂಖ್ಯೆಗೂ ನೂರಾರು ಸಾಲುಗಳು ಸಮಬಲದಲ್ಲಿ ನಿಲ್ಲುತ್ತವೆ. ಅವುಗಳ ನಡುವೆ ಯಾವುದು ಮೊದಲು ಎಂದು ಡೇಟಾಬೇಸ್ ಯಾವ ಭರವಸೆಯನ್ನೂ ಕೊಡುವುದಿಲ್ಲ. ಒಂದೇ ಸಾಲು ಎರಡು ಪುಟಗಳಲ್ಲಿ ಕಾಣಿಸಬಹುದು, ಇನ್ನೊಂದು ಯಾವ ಪುಟದಲ್ಲೂ ಕಾಣದೆ ಹೋಗಬಹುದು. ಕೇಸ್ ಆದ ಮೇಲೆ ದಾಖಲಾದ ಸಮಯ, ಅದರ ಹಿಂದೆ ಪ್ರೈಮರಿ ಕೀ (ಪ್ರತಿ ಸಾಲಿಗೂ ಬೇರೆಯೇ ಆದ ಗುರುತು) ಇರಲಿ. ಪ್ರೈಮರಿ ಕೀ ಕೊನೆಯಲ್ಲಿದ್ದರೆ ಸಮಬಲದ ಪ್ರಶ್ನೆಯೇ ಏಳುವುದಿಲ್ಲ.

ಈ ಎರಡನೆಯ ಸೂತ್ರವನ್ನು ಸೇರಿಸುವ ರೀತಿಯಲ್ಲೂ ಓಆರ್‌ಎಂಗಳು ಬೇರೆ ಬೇರೆ ದಾರಿ ಹಿಡಿದಿವೆ. ಜಾಂಗೋದಲ್ಲಿ ಎರಡನೆಯ ಬಾರಿ ಆರ್ಡರ್ ಬೈ ಕರೆದರೆ ಮೊದಲನೆಯದು ಅಳಿಸಿಹೋಗುತ್ತದೆ. ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನಲ್ಲೂ ಹಾಗೆಯೇ, ಸೇರಿಸಬೇಕಾದರೆ ದೆನ್‌ಬೈ ಬಳಸಬೇಕು. ರೈಲ್ಸ್, ಎಲೋಕ್ವೆಂಟ್, ಎಸ್‌ಕ್ಯೂಎಲ್‌ಆಲ್ಕೆಮಿ ಮೂರರಲ್ಲೂ ಎರಡನೆಯದು ಮೊದಲನೆಯದರ ಹಿಂದೆ ಸೇರಿಕೊಳ್ಳುತ್ತದೆ. ಒಂದರಿಂದ ಇನ್ನೊಂದಕ್ಕೆ ಬಂದವರು ಇದನ್ನು ಮೊದಲ ದಿನವೇ ಕಲಿಯಬೇಕು.

ಕೇಸ್ ಅನ್ನು ಐದು ಕಡೆ ಐದು ಸಲ ಬರೆಯಬೇಡಿ. ಜಾಂಗೋದಲ್ಲಾದರೆ ಕ್ವೆರಿಸೆಟ್‌ನ ಒಂದು ಮೆಥಡ್, ರೈಲ್ಸ್‌ನಲ್ಲಾದರೆ ಒಂದು ಸ್ಕೋಪ್, ಹೀಗೆ ಹೆಸರಿಟ್ಟು ಒಂದೇ ಜಾಗದಲ್ಲಿ ಇಡಿ. ಮೌಲ್ಯಗಳ ಪಟ್ಟಿಯನ್ನೂ ಕೈಯಲ್ಲಿ ಬರೆಯದೆ ಆಯ್ಕೆಗಳ ಕ್ಲಾಸ್‌ನಿಂದಲೇ ಹುಟ್ಟಿಸಿದರೆ ಹೊಸ ಹಂತ ಬಂದಾಗ ಅನುಕ್ರಮವೂ ತಾನಾಗಿ ಹೊಂದಿಕೊಳ್ಳುತ್ತದೆ.

ನಕಲು ಸಾಲುಗಳನ್ನು ತೆಗೆಯುವ ಡಿಸ್ಟಿಂಕ್ಟ್ ಜೊತೆಗೂ ಒಂದು ತೊಡಕಿದೆ. ಸೆಲೆಕ್ಟ್ ಪಟ್ಟಿಯಲ್ಲಿ ಇಲ್ಲದ ಸೂತ್ರದ ಮೇಲೆ ಜೋಡಿಸಲು ಹೊರಟರೆ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಒಪ್ಪುವುದಿಲ್ಲ. ಜಾಂಗೋ ಆ ಸೂತ್ರವನ್ನು ತಾನೇ ಸೆಲೆಕ್ಟ್‌ಗೆ ಸೇರಿಸುತ್ತದೆ. ಅದರಿಂದ ದೋಷ ತಪ್ಪುತ್ತದೆ, ಆದರೆ ಹೋಗಬೇಕಾಗಿದ್ದ ನಕಲು ಸಾಲುಗಳು ಕೆಲವೊಮ್ಮೆ ಉಳಿದುಬಿಡುತ್ತವೆ.

ಫೀಲ್ಡ್ ಮತ್ತು ಅರೇ ಪೊಸಿಶನ್

ಮೈಎಸ್‌ಕ್ಯೂಎಲ್‌ನ ಫೀಲ್ಡ್ ಫಂಕ್ಷನ್ ಪಟ್ಟಿಯಲ್ಲಿ ಮೌಲ್ಯ ಎಷ್ಟನೆಯದು ಎಂದು ಹೇಳುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ 0 ಕೊಡುತ್ತದೆ, ಅಂದರೆ ಗುರುತು ಸಿಗದ ಮೌಲ್ಯಗಳೇ ಪಟ್ಟಿಯ ತಲೆಯ ಮೇಲೆ ಬಂದು ಕೂರುತ್ತವೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್ 9.5ರಿಂದ ಇರುವ ಅರೇ ಪೊಸಿಶನ್ ಇಂಥಲ್ಲಿ ನಲ್ ಕೊಡುತ್ತದೆ, ಅವು ಕೊನೆಗೆ ಹೋಗುತ್ತವೆ. ಹಳೆಯ ಆವೃತ್ತಿಗಳಲ್ಲಿ ಕಾಲಂನ ಟೈಪ್ ಮತ್ತು ಅರೇಯ ಟೈಪ್ ಪೂರ್ತಿ ಹೊಂದದಿದ್ದರೆ ಅದು ದೋಷವನ್ನೂ ಕೊಡುತ್ತದೆ. ಎರಡೂ ಕೇಸ್‌ಗಿಂತ ಚಿಕ್ಕದಾಗಿ ಬರೆಯಲು ಸಿಗುತ್ತವೆ, ಪ್ರತಿಯಾಗಿ ನಿಮ್ಮ ಕೋಡ್ ಒಂದೇ ಡೇಟಾಬೇಸಿಗೆ ಅಂಟಿಕೊಳ್ಳುತ್ತದೆ. ನಾಲ್ಕು ಹಂತಗಳಿಗಾಗಿ ಆ ಬೆಲೆ ತೆರುವುದು ಬೇಡ.

ಎನಮ್: ಆಕರ್ಷಕ, ಆದರೆ ಬಾಗುವುದಿಲ್ಲ

ಎನಮ್ ಎಂಬ ಹೆಸರಿನಡಿ ಮೂರು ಬೇರೆ ವಸ್ತುಗಳಿವೆ, ಗೊಂದಲಕ್ಕೆ ಅದೇ ಮೂಲ.

ಒಂದು, ಡೇಟಾಬೇಸಿನ ಸ್ವಂತ ಎನಮ್ ಟೈಪ್. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಮತ್ತು ಮೈಎಸ್‌ಕ್ಯೂಎಲ್ ಎರಡೂ ಎನಮ್ ಕಾಲಂ ಅನ್ನು ಅಕ್ಷರಕ್ರಮದಲ್ಲಿ ಜೋಡಿಸುವುದಿಲ್ಲ, ಘೋಷಿಸಿದ ಕ್ರಮದಲ್ಲಿ ಜೋಡಿಸುತ್ತವೆ. ಕ್ರಿಟಿಕಲ್, ಹೈ, ಮೀಡಿಯಂ, ಲೋ ಎಂದು ಘೋಷಿಸಿದರೆ ಸಾದಾ ಆರ್ಡರ್ ಬೈ ಸಾಕು, ಸಾದಾ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಕೂಡ ಕೆಲಸಕ್ಕೆ ಬರುತ್ತದೆ. ಕೇಳಲು ಇದಕ್ಕಿಂತ ಒಳ್ಳೆಯದಿಲ್ಲ. ಬದಲಾವಣೆ ಬಂದಾಗ ಇದರ ಬಿಗಿತನ ಗೊತ್ತಾಗುತ್ತದೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ಹೊಸ ಮೌಲ್ಯವನ್ನು ಇಂಥದ್ದರ ಮೊದಲು ಅಥವಾ ಇಂಥದ್ದರ ನಂತರ ಎಂದು 9.1ರಿಂದ ಸೇರಿಸಬಹುದು, 10ರಿಂದ ಹೆಸರು ಬದಲಿಸಬಹುದು. ಇರುವ ಮೌಲ್ಯವನ್ನು ತೆಗೆಯಲು ಅಥವಾ ಎರಡರ ಜಾಗ ಅದಲುಬದಲು ಮಾಡಲು ಆದೇಶವೇ ಇಲ್ಲ. ಹೊಸ ಟೈಪ್ ಮಾಡಿ ಇಡೀ ಕಾಲಂ ಅನ್ನು ಅದಕ್ಕೆ ಬದಲಿಸಬೇಕು. 12ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಮೌಲ್ಯ ಸೇರಿಸುವ ಆದೇಶ ಟ್ರಾನ್ಸಾಕ್ಷನ್ (ಒಟ್ಟಿಗೇ ನಡೆಯುವ ಅಥವಾ ಒಟ್ಟಿಗೇ ರದ್ದಾಗುವ ಆದೇಶಗಳ ಗುಂಪು) ಒಳಗೆ ನಡೆಯುತ್ತಲೇ ಇರಲಿಲ್ಲ. ಈಗ ನಡೆಯುತ್ತದೆ, ಆದರೆ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಆ ಹೊಸ ಮೌಲ್ಯವನ್ನು ಬಳಸುವಂತಿಲ್ಲ. ಮೈಗ್ರೇಶನ್‌ಗಳನ್ನು ಟ್ರಾನ್ಸಾಕ್ಷನ್ ಒಳಗೆ ನಡೆಸುವ ಓಆರ್‌ಎಂಗಳಲ್ಲಿ ಇದು ನೇರವಾಗಿ ಅಡ್ಡ ಬರುತ್ತದೆ.

ಎರಡು, ಭಾಷೆಯ ಎನಮ್ ಅನ್ನು ಸಂಖ್ಯೆಯಾಗಿ ಉಳಿಸುವುದು. ಹೈಬರ್ನೇಟ್ ಅನುಸರಿಸುವ ಜಾವಾ ಮಾನದಂಡವಾದ ಜೆಪಿಎಯಲ್ಲಿ ಎನ್ಯುಮರೇಟೆಡ್ ಎಂಬ ಗುರುತಿಗೆ ಏನೂ ಹೇಳದಿದ್ದರೆ ಆರ್ಡಿನಲ್ ಎಂದೇ ಅರ್ಥ: ಮೊದಲನೆಯದಕ್ಕೆ 0, ಎರಡನೆಯದಕ್ಕೆ 1. ರೈಲ್ಸ್‌ನಲ್ಲಿ ಅರೇ ರೂಪದಲ್ಲಿ ಎನಮ್ ಬರೆದರೂ ಇದೇ ಆಗುತ್ತದೆ. ಜೋಡಣೆ ಸರಿಯಾಗಿಯೇ ಬರುತ್ತದೆ. ಆದರೆ ಯಾರಾದರೂ ಕೋಡ್‌ನಲ್ಲಿ ಪಟ್ಟಿಯ ನಡುವೆ ಹೊಸ ಹೆಸರು ತುರುಕಿದರೆ ಅದರ ಕೆಳಗಿನ ಎಲ್ಲ ಹೆಸರುಗಳ ಸಂಖ್ಯೆಗಳೂ ಸರಿಯುತ್ತವೆ, ಡೇಟಾಬೇಸಿನಲ್ಲಿ ಹಳೆಯ ಸಂಖ್ಯೆಗಳು ಹಾಗೆಯೇ ಇರುತ್ತವೆ. ನಿನ್ನೆ ಮೀಡಿಯಂ ಆಗಿದ್ದ ದೂರಿಗೆ ಇಂದು ಬೇರೆ ಹೆಸರು. ಇಲ್ಲಿ ಕೆಡುವುದು ಅನುಕ್ರಮ ಮಾತ್ರವಲ್ಲ, ದಾಖಲೆಯ ಅರ್ಥವೇ ಕೆಡುತ್ತದೆ. ಸಂಖ್ಯೆಯಾಗಿ ಉಳಿಸಲೇಬೇಕೆಂದಿದ್ದರೆ ಪ್ರತಿ ಹೆಸರಿಗೂ ಸಂಖ್ಯೆಯನ್ನು ಬಿಡಿಸಿ ಬರೆಯಿರಿ, 10, 20, 30, 40 ಎಂದು ನಡುವೆ ಜಾಗ ಬಿಡಿ. ಹಾಗೆ ಮಾಡಿದರೆ ಇದು ನಿಜಕ್ಕೂ ಒಳ್ಳೆಯ ಆಯ್ಕೆ. ಇಂಡೆಕ್ಸ್ ಸಿಗುತ್ತದೆ, ಎಲ್ಲ ಡೇಟಾಬೇಸ್‌ಗಳಲ್ಲೂ ನಡೆಯುತ್ತದೆ. ಬರಿ ಎಸ್‌ಕ್ಯೂಎಲ್ ಓದುವವರಿಗೆ 20 ಎಂದರೆ ಏನೆಂದು ತಿಳಿಯದಿರುವುದು ಮಾತ್ರ ಕೊರತೆ.

ಮೂರು, ಎನಮ್ ಅನ್ನು ಪಠ್ಯವಾಗಿ ಉಳಿಸುವುದು. ಜಾಂಗೋದ ಟೆಕ್ಸ್ಟ್‌ಚಾಯ್ಸಸ್, ಜೆಪಿಎಯ ಸ್ಟ್ರಿಂಗ್ ರೂಪ, ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನಲ್ಲಿ ಪಠ್ಯಕ್ಕೆ ಪರಿವರ್ತಿಸುವ ವ್ಯವಸ್ಥೆ ಎಲ್ಲವೂ ಈ ಗುಂಪಿನವು. ದಾಖಲೆಯ ಸ್ಪಷ್ಟತೆಗೆ ಇವು ಒಳ್ಳೆಯವು, ಆದರೆ ಅನುಕ್ರಮ ಮತ್ತೆ ಅಕ್ಷರಕ್ರಮಕ್ಕೇ ಬಂದು ನಿಲ್ಲುತ್ತದೆ. ಕೋಡ್‌ನಲ್ಲಿ ಹೆಸರುಗಳನ್ನು ಸರಿಯಾದ ಸಾಲಿನಲ್ಲಿ ಬರೆದಿದ್ದೇವೆ, ಹಾಗಾಗಿ ಡೇಟಾಬೇಸಿಗೂ ಗೊತ್ತಿರುತ್ತದೆ ಎಂಬ ಭ್ರಮೆ ಹುಟ್ಟುವುದು ಇಲ್ಲಿಯೇ.

ಎಸ್‌ಕ್ಯೂಎಲ್‌ಆಲ್ಕೆಮಿಯ ಎನಮ್ ಟೈಪ್ ಈ ಗೊಂದಲದ ತುದಿ. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಮತ್ತು ಮೈಎಸ್‌ಕ್ಯೂಎಲ್‌ನಲ್ಲಿ ಅದು ಸ್ವಂತ ಎನಮ್ ಆಗುತ್ತದೆ, ಎಸ್‌ಕ್ಯೂಲೈಟ್‌ನಲ್ಲಿ ಸಾದಾ ಪಠ್ಯವಾಗುತ್ತದೆ. ಒಂದರಲ್ಲಿ ಘೋಷಣೆಯ ಕ್ರಮ, ಇನ್ನೊಂದರಲ್ಲಿ ಅಕ್ಷರಕ್ರಮ. ಎನಮ್ ಅನ್ನು ನಾನು ಮೌಲ್ಯಗಳ ಗಡಿ ಕಾಯಲು ಬಳಸುತ್ತೇನೆ, ಅನುಕ್ರಮಕ್ಕಾಗಿ ಅದನ್ನು ನೆಚ್ಚುವುದಿಲ್ಲ.

ಕ್ರಮಾಂಕ ಇರುವ ಪ್ರತ್ಯೇಕ ಟೇಬಲ್

ಹಂತಗಳನ್ನು ಪ್ರೋಗ್ರಾಮರ್ ಅಲ್ಲದವರು ನಿರ್ವಹಿಸುವುದಾದರೆ ಬೇರೆ ಚರ್ಚೆ ಬೇಡ, ಇದೇ ದಾರಿ. ಆದ್ಯತೆಗಳಿಗೆ ಒಂದು ಟೇಬಲ್ ಮಾಡಿ ಅದರಲ್ಲಿ ಹೆಸರು, ಕ್ರಮಾಂಕ, ಬೇಕಿದ್ದರೆ ಬಣ್ಣ ಇಡಿ. ದೂರಿನ ಟೇಬಲ್‌ನಲ್ಲಿ ಅದಕ್ಕೆ ಕೊಂಡಿಯಾಗಿ ಫಾರಿನ್ ಕೀ ಇರಲಿ. ಜಾಂಗೋದಲ್ಲಿ ಸಂಬಂಧದ ಹೆಸರು, ಎರಡು ಅಂಡರ್‌ಸ್ಕೋರ್, ಕ್ರಮಾಂಕದ ಹೆಸರು ಎಂದು ಆರ್ಡರ್ ಬೈಗೆ ಕೊಟ್ಟರೆ ಎರಡು ಟೇಬಲ್‌ಗಳನ್ನು ಬೆಸೆಯುವ ಜಾಯಿನ್ ತಾನಾಗಿ ಆಗುತ್ತದೆ. ಉಳಿದ ಓಆರ್‌ಎಂಗಳಲ್ಲಿ ಜಾಯಿನ್ ಅನ್ನು ಬಿಡಿಸಿ ಬರೆಯಬೇಕಾಗಬಹುದು. ಪ್ರಿಸ್ಮಾದಂತೆ ಆರ್ಡರ್‌ಬೈ ಒಳಗೆ ಕೇಸ್‌ಗೆ ಅವಕಾಶವಿಲ್ಲದ ಓಆರ್‌ಎಂ ಬಳಸುವವರಿಗೂ ಕಚ್ಚಾ ಎಸ್‌ಕ್ಯೂಎಲ್ ತಪ್ಪಿಸಲು ಇದು ಅನುಕೂಲ.

ಗಮನಿಸಬೇಕಾದ ಎರಡು ಸಂಗತಿಗಳಿವೆ. ಫಾರಿನ್ ಕೀ ಖಾಲಿ ಇರಬಹುದಾದರೆ ಲೆಫ್ಟ್ ಜಾಯಿನ್ ಬೇಕು. ಇನ್ನರ್ ಜಾಯಿನ್ ಆದರೆ ಆದ್ಯತೆ ಇಲ್ಲದ ದೂರುಗಳು ಬಿದ್ದುಹೋಗುತ್ತವೆ. ಜಾಂಗೋ ಇದನ್ನು ತಾನೇ ನೋಡಿಕೊಳ್ಳುತ್ತದೆ, ರೈಲ್ಸ್‌ನ ಜಾಯಿನ್ಸ್ ಇನ್ನರ್ ಆಗಿರುತ್ತದೆ. ಇನ್ನೊಂದು ಸಂಗತಿ ಜಾಂಗೋಗೆ ಮಾತ್ರ ಸಂಬಂಧಿಸಿದ್ದು: ಆರ್ಡರ್ ಬೈಗೆ ಫಾರಿನ್ ಕೀಯ ಹೆಸರನ್ನಷ್ಟೇ ಕೊಟ್ಟರೆ ಅದು ಐಡಿಯ ಮೇಲೆ ಜೋಡಿಸುವುದಿಲ್ಲ, ಆ ಇನ್ನೊಂದು ಮಾಡೆಲ್‌ನ ಮೆಟಾದಲ್ಲಿ ಆರ್ಡರಿಂಗ್ ಹೇಳಿದ್ದರೆ ಅದನ್ನು ಅನುಸರಿಸುತ್ತದೆ. ಇದನ್ನು ತಿಳಿದು ಬಳಸಿದರೆ ಅನುಕೂಲ. ತಿಳಿಯದಿದ್ದರೆ ಯಾಕೆ ಜಾಯಿನ್ ಬಂತು ಎಂದು ಹುಡುಕುತ್ತಾ ಕೂರಬೇಕು.

ಬಳಕೆದಾರ ಎಳೆದು ಜೋಡಿಸುವ ಪಟ್ಟಿ

ಇಲ್ಲಿ ಪ್ರತಿ ಸಾಲಿಗೂ ಅದರದೇ ಸ್ಥಾನ ಇರುವುದರಿಂದ ಕೇಸ್ ಕೆಲಸಕ್ಕೆ ಬಾರದು. ಸ್ಥಾನದ ಕಾಲಂ ಅನಿವಾರ್ಯ, ಪ್ರಶ್ನೆ ಅದರಲ್ಲಿ ಏನನ್ನು ಇಡುವುದು ಎಂಬುದು. 1, 2, 3 ಎಂದು ಇಟ್ಟರೆ ಒಂದು ಸಾಲನ್ನು ಮೇಲೆ ತಂದಾಗ ನಡುವಿನ ಎಲ್ಲ ಸಾಲುಗಳನ್ನೂ ತಿದ್ದಬೇಕು. ಪಟ್ಟಿ ನೂರರ ಒಳಗಿದ್ದರೆ ಅದು ದೊಡ್ಡ ವಿಷಯವಲ್ಲ, ಎಲ್ಲಕ್ಕಿಂತ ಸರಳವಾದ ಈ ವಿಧಾನವನ್ನೇ ಹಿಡಿಯಿರಿ. ಸಾವಿರದ ಅಂತರ ಬಿಟ್ಟು ಸಂಖ್ಯೆ ಕೊಟ್ಟರೆ ಹೆಚ್ಚಿನ ಬಾರಿ ಒಂದೇ ಸಾಲು ತಿದ್ದಿದರೆ ಸಾಕು, ಅಂತರ ಮುಗಿದಾಗ ಮರುಹಂಚಿಕೆ ಮಾಡಬೇಕು. ಎರಡು ಕೀಗಳ ನಡುವೆ ಯಾವಾಗಲೂ ಇನ್ನೊಂದನ್ನು ಹುಟ್ಟಿಸಬಹುದಾದ ಪಠ್ಯರೂಪದ ಕೀಗಳೂ ಇವೆ. ಅವು ಬೈಟ್ ಕ್ರಮವನ್ನು ನಂಬಿ ಮಾಡಿದವು. ಕಾಲಂನ ಕೊಲೇಶನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಯಾವುದೋ ಭಾಷೆಯದ್ದಾಗಿದ್ದರೆ, ದೊಡ್ಡಕ್ಷರ ಚಿಕ್ಕಕ್ಷರಗಳ ಕ್ರಮ ಬದಲಾಗಿ ಇಡೀ ವ್ಯವಸ್ಥೆ ಕುಸಿಯುತ್ತದೆ.

ಸ್ಥಾನ ಎರಡು ಸಾಲುಗಳಲ್ಲಿ ಒಂದೇ ಆಗಬಾರದು ಎಂದು ಯೂನಿಕ್ ನಿರ್ಬಂಧ ಹಾಕುವವರು ಅದಲುಬದಲು ಮಾಡುವಾಗ ತೊಂದರೆಗೆ ಸಿಲುಕುತ್ತಾರೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ಆ ತಪಾಸಣೆಯನ್ನು ಟ್ರಾನ್ಸಾಕ್ಷನ್ ಕೊನೆಗೆ ಮುಂದೂಡಬಹುದು, ಜಾಂಗೋ 3.1ರಿಂದ ಮಾಡೆಲ್‌ನಲ್ಲೇ ಅದನ್ನು ಹೇಳಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಆ ಸೌಲಭ್ಯವಿಲ್ಲ.

ಹೊರಗಿನಿಂದ ಬಂದ ಐಡಿಗಳ ಸರಣಿ

ಹುಡುಕಾಟದ ಎಂಜಿನ್ 42, 7, 19 ಎಂಬ ಐಡಿಗಳನ್ನು ಪ್ರಸ್ತುತತೆಯ ಕ್ರಮದಲ್ಲಿ ಕೊಡುತ್ತದೆ. ಅವನ್ನು ಇನ್ ಷರತ್ತಿಗೆ ಹಾಕಿದರೆ ಆ ಕ್ರಮ ಉಳಿಯುವುದಿಲ್ಲ. ಇದಕ್ಕಾಗಿ ನೂರು ಕವಲಿನ ಕೇಸ್ ಕಟ್ಟುವ ಕೋಡ್ ಬಹಳ ಕಡೆ ಕಾಣುತ್ತದೆ, ಅದರ ಅಗತ್ಯವೇ ಇಲ್ಲ. ಪುಟ ಎಲ್ಲಿ ಮುಗಿಯಬೇಕೆಂದು ಎಂಜಿನ್ ಈಗಾಗಲೇ ತೀರ್ಮಾನಿಸಿದೆ, ಬೇಕಾದ ಸಾಲುಗಳೆಲ್ಲ ಮೆಮೊರಿಗೆ ಬರಲಿವೆ. ಜಾಂಗೋದ ಇನ್ ಬಲ್ಕ್ ಐಡಿಯಿಂದ ಸಾಲಿಗೆ ಡಿಕ್ಷನರಿ ಕೊಡುತ್ತದೆ, ಸರಣಿಯ ಪ್ರಕಾರ ಎತ್ತಿಕೊಂಡರೆ ಮುಗಿಯಿತು. ರೈಲ್ಸ್‌ನ ಫೈಂಡ್‌ಗೆ ಅರೇ ಕೊಟ್ಟರೆ 5.0ರಿಂದ ಆ ಕ್ರಮದಲ್ಲೇ ಸಾಲುಗಳು ಬರುತ್ತವೆ, ಆದರೆ ಒಂದು ಐಡಿ ಸಿಗದಿದ್ದರೂ ದೋಷ ಎಸೆಯುತ್ತದೆ. ಕೇಸ್‌ಗೆ ಇಲ್ಲಿ ಗಾತ್ರದ ಮಿತಿಯೂ ಇದೆ: ಎಸ್‌ಕ್ಯೂಲೈಟ್ ಒಂದು ಕ್ವೆರಿಯಲ್ಲಿ ಒಪ್ಪುವ ಬೈಂಡ್ ಮೌಲ್ಯಗಳ (ಕ್ವೆರಿಯ ಪಠ್ಯದಿಂದ ಬೇರೆಯಾಗಿ ಕಳಿಸುವ ಮೌಲ್ಯಗಳ) ಸಹಜ ಮಿತಿ 3.32ಕ್ಕೆ ಮೊದಲು 999 ಇತ್ತು, ಈಗ 32766.

ವೇಗ

ಕೇಸ್ ನಿಧಾನ ಎಂಬ ಮಾತು ಅರ್ಧಸತ್ಯ. ವೇರ್ ಷರತ್ತು ಸಾಲುಗಳನ್ನು ಕೆಲವು ನೂರಕ್ಕೋ ಸಾವಿರಕ್ಕೋ ಇಳಿಸಿದ್ದರೆ ಜೋಡಣೆಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಲಿಮಿಟ್ ಇದ್ದರೆ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಬೇಕಾದಷ್ಟನ್ನೇ ಹಿಡಿದಿಟ್ಟುಕೊಳ್ಳುವ ಟಾಪ್-ಎನ್ ಹೀಪ್‌ಸಾರ್ಟ್ ಬಳಸುತ್ತದೆ, ಎಕ್ಸ್‌ಪ್ಲೇನ್ ಅನಲೈಸ್‌ನಲ್ಲಿ ಅದು ಕಾಣುತ್ತದೆ. ಅದರ ಬದಲು ಎಕ್ಸ್‌ಟರ್ನಲ್ ಮರ್ಜ್ ಎಂದೂ ಡಿಸ್ಕ್ ಎಂದೂ ಕಂಡರೆ ಆಗ ಯೋಚಿಸಿ.

ಲಕ್ಷಾಂತರ ಸಾಲುಗಳಿಂದ ಮೊದಲ ಇಪ್ಪತ್ತೈದನ್ನು ಪದೇ ಪದೇ ಕೇಳುವ ಪುಟಕ್ಕೆ ಇಂಡೆಕ್ಸ್ ಬೇಕೇ ಬೇಕು. ಕೇಸ್ ಸೂತ್ರದ ಮೇಲೆಯೇ ಇಂಡೆಕ್ಸ್ ಕಟ್ಟಲು ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಬಿಡುತ್ತದೆ, ಮೈಎಸ್‌ಕ್ಯೂಎಲ್ 8.0.13ರಿಂದ ಬಿಡುತ್ತದೆ, ಜಾಂಗೋ 3.2ರಿಂದ ಮಾಡೆಲ್‌ನಲ್ಲೇ ಬರೆಯಬಹುದು. ಆದರೆ ಇಂಡೆಕ್ಸ್‌ನ ಸೂತ್ರವೂ ಕ್ವೆರಿಯ ಸೂತ್ರವೂ ಹೊಂದಬೇಕು. ಓಆರ್‌ಎಂ ಮೌಲ್ಯಗಳನ್ನು ಬೈಂಡ್ ಮಾಡಿ ಕಳಿಸಿದಾಗ ಡೇಟಾಬೇಸಿಗೆ ಆ ಹೊಂದಿಕೆ ಕಾಣದೆ ಹೋಗಬಹುದು. ಅದಕ್ಕಾಗಿ ಇನ್ನೂ ಗಟ್ಟಿಯಾದ ದಾರಿ ಜನರೇಟೆಡ್ ಕಾಲಂ: ಆದ್ಯತೆಯಿಂದ ಕ್ರಮಾಂಕವನ್ನು ಡೇಟಾಬೇಸೇ ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ. ಮೈಎಸ್‌ಕ್ಯೂಎಲ್ 5.7 ಮತ್ತು ಪೋಸ್ಟ್‌ಗ್ರೆಎಸ್‌ಕ್ಯೂಎಲ್ 12ರಿಂದ ಇದು ಸಿಗುತ್ತದೆ, ಜಾಂಗೋದಲ್ಲಿ 5.0ರ ಜನರೇಟೆಡ್‌ಫೀಲ್ಡ್‌ನಿಂದ ಬರೆಯಬಹುದು. ಕ್ರಮಾಂಕ, ದಾಖಲಾದ ಸಮಯ, ಐಡಿ ಮೂರನ್ನೂ ಸೇರಿಸಿ ಒಂದೇ ಇಂಡೆಕ್ಸ್ ಮಾಡಿದರೆ ಮೊದಲ ಪುಟ ನೇರವಾಗಿ ಅಲ್ಲಿಂದಲೇ ಬರುತ್ತದೆ. ಹಿಂದಿನ ಪುಟದ ಕೊನೆಯ ಸಾಲಿನಿಂದ ಮುಂದುವರಿಯುವ ಬಗೆಯ ಪೇಜಿನೇಶನ್‌ಗೂ ಇದು ಹೊಂದುತ್ತದೆ. ಪ್ರತ್ಯೇಕ ಟೇಬಲ್‌ನ ಕ್ರಮಾಂಕಕ್ಕೆ ಈ ಅನುಕೂಲ ಇಲ್ಲ. ಜೋಡಿಸುವ ಕಾಲಂ ಬೇರೆ ಟೇಬಲ್‌ನಲ್ಲಿರುವುದರಿಂದ ದೂರಿನ ಟೇಬಲ್‌ನ ಇಂಡೆಕ್ಸ್ ಅದನ್ನು ಒಳಗೊಳ್ಳಲಾರದು.

ಪಠ್ಯವನ್ನೇ ಅಕ್ಷರಕ್ರಮದಲ್ಲಿ ಜೋಡಿಸಬೇಕಾದರೆ ಕೇಸ್ ಅಲ್ಲ, ಕೊಲೇಶನ್ ಬೇಕು. ಬೈಟ್ ಕ್ರಮದಲ್ಲಿ ಜೋಡಿಸಿದರೆ ಕನ್ನಡದ ಳ ಅಕ್ಷರ ವಕ್ಕಿಂತ ಮೊದಲೇ ಬರುತ್ತದೆ, ಯುನಿಕೋಡ್‌ನಲ್ಲಿ ಅದಕ್ಕೆ ಸಿಕ್ಕ ಜಾಗ ಅದು. ವರ್ಣಮಾಲೆಯ ಕ್ರಮ ಬಯಸುವವರು ಜಾಂಗೋದ ಕೊಲೇಟ್‌ನಂಥ ಸೌಲಭ್ಯದಿಂದ ಕೊಲೇಶನ್ ಆರಿಸಿ, ನಿಜವಾದ ಪದಗಳ ಮೇಲೆ ಪರೀಕ್ಷಿಸಿಯೇ ಒಪ್ಪಬೇಕು.

ಜೋಡಣೆಯ ಹೆಸರು ಬಳಕೆದಾರನಿಂದ ಬಂದಾಗ

ಯುಆರ್‌ಎಲ್‌ನಲ್ಲಿ ಬಂದ ಕಾಲಂ ಹೆಸರನ್ನು ಹಾಗೆಯೇ ಆರ್ಡರ್ ಬೈಗೆ ದಾಟಿಸುವ ಕೋಡ್ ಬಹಳ ಕಡೆ ಇದೆ. ಮೌಲ್ಯಗಳನ್ನು ಬೈಂಡ್ ಮಾಡಬಹುದು, ಕಾಲಂ ಹೆಸರುಗಳನ್ನು ಮಾಡಲಾಗದು. ಓಆರ್‌ಎಂ ತಪಾಸಣೆ ಮಾಡುತ್ತದೆ ಎಂದು ನಂಬಿ ಕೂರುವಂತಿಲ್ಲ. 2021ರ ಜುಲೈಯಲ್ಲಿ ಜಾಂಗೋದ ಆರ್ಡರ್ ಬೈನಲ್ಲೇ ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ (ಹೊರಗಿನವರು ತಮ್ಮ ಆದೇಶವನ್ನು ಕ್ವೆರಿಯೊಳಗೆ ತೂರಿಸುವುದಕ್ಕೆ) ದಾರಿಯಾಗುವ ದೋಷ ಸಿವಿಇ-2021-35042 ಎಂಬ ಸಂಖ್ಯೆಯಲ್ಲಿ ಪ್ರಕಟವಾಯಿತು, 3.1.13 ಮತ್ತು 3.2.5ರಲ್ಲಿ ಸರಿಯಾಯಿತು. ದೋಷವಿಲ್ಲದಿದ್ದರೂ, ಸಂಬಂಧಗಳನ್ನು ದಾಟಿ ಬೇರೆ ಟೇಬಲ್‌ನ ಗುಟ್ಟಿನ ಕಾಲಂ ಮೇಲೆ ಜೋಡಿಸಲು ಬಿಟ್ಟರೆ ಸಾಲುಗಳ ಕ್ರಮದಿಂದಲೇ ಮಾಹಿತಿ ಸೋರುತ್ತದೆ. ಹೊರಗಿನಿಂದ ಬರುವುದು ಆದ್ಯತೆ, ಹೊಸದು, ಹಳೆಯದು ಎಂಬಂಥ ಹೆಸರು ಮಾತ್ರ ಆಗಿರಲಿ. ಆ ಹೆಸರಿನಿಂದ ನೀವೇ ಬರೆದಿಟ್ಟ ಜೋಡಣೆಗೆ ಹೋಗುವ ಡಿಕ್ಷನರಿ ಕೋಡ್‌ನಲ್ಲಿರಲಿ. ಅದರಲ್ಲಿ ಇಲ್ಲದ ಹೆಸರು ಬಂದರೆ ಸಹಜ ಅನುಕ್ರಮ. ರೈಲ್ಸ್‌ನ ಏರೆಲ್ ಎಸ್‌ಕ್ಯೂಎಲ್, ಸ್ಪ್ರಿಂಗ್ ಡೇಟಾದ ಅನ್‌ಸೇಫ್ ಮುಂತಾದ ಹೊದಿಕೆಗಳು ಏನನ್ನೂ ಶುದ್ಧ ಮಾಡುವುದಿಲ್ಲ. ಈ ಪಠ್ಯಕ್ಕೆ ನಾನು ಜವಾಬ್ದಾರ ಎಂದು ನೀವು ಹಾಕುವ ಸಹಿ ಅಷ್ಟೇ ಅವು.

ಪರೀಕ್ಷೆ

ಅನುಕ್ರಮದ ಪರೀಕ್ಷೆಯಲ್ಲಿ ಸಾಲುಗಳನ್ನು ಬೇಕಾದ ಕ್ರಮದಲ್ಲೇ ಸೇರಿಸಿದರೆ ಆರ್ಡರ್ ಬೈ ಇಲ್ಲದೆಯೂ ಅದು ಪಾಸಾಗುವ ಸಾಧ್ಯತೆ ಹೆಚ್ಚು. ತಲೆಕೆಳಗಾಗಿ ಅಲ್ಲ, ಕಲಸಿ ಸೇರಿಸಿ: ಮೀಡಿಯಂ, ಕ್ರಿಟಿಕಲ್, ಲೋ, ಹೈ. ಜೊತೆಗೆ ಒಂದು ಖಾಲಿ ಆದ್ಯತೆಯ ಸಾಲು, ಪಟ್ಟಿಯಲ್ಲಿ ಇಲ್ಲದ ಮೌಲ್ಯದ ಒಂದು ಸಾಲು, ಒಂದೇ ಆದ್ಯತೆ ಒಂದೇ ಸಮಯ ಇರುವ ಎರಡು ಸಾಲು ಇರಲಿ. ಎರಡೆರಡು ಸಾಲಿನ ಪುಟಗಳಾಗಿ ಎಲ್ಲವನ್ನೂ ತಂದು, ಪ್ರತಿ ಐಡಿ ಒಮ್ಮೆ ಮಾತ್ರ ಬಂದಿದೆಯೇ ನೋಡಿ. ಈ ಪರೀಕ್ಷೆಯನ್ನು ಎಸ್‌ಕ್ಯೂಲೈಟ್ ಮೇಲೆ ಓಡಿಸಿ ತೃಪ್ತರಾಗಬೇಡಿ. ಸರ್ವರ್‌ನಲ್ಲಿ ಯಾವ ಡೇಟಾಬೇಸಿನ ಯಾವ ಆವೃತ್ತಿ ಇದೆಯೋ ಅದರ ಮೇಲೆಯೇ ಓಡಿಸಿ.